ನರ ಹೋಗಿ ಸೇರಿದ ದಿನದಿಂದಲೇ ಭ್ರೂಣಕ್ಕೆ ಕೇಳಿಸುತ್ತಾ? ಮೆದುಳುಕಾಂಡದ ಮೊದಲ ಸಿನಾಪ್ಸ್ ಬಗ್ಗೆ ತಿಳಿದವರು ಹೇಳಿ

ಸರಸ್ವತೀಪುರಂ_ಸೊಸೆ
ಎಲ್ಲರಿಗೂ ನಮಸ್ಕಾರ. ನನ್ನ ನಾದಿನಿಗೆ ಈಗ ಮೂರು ತಿಂಗಳು ನಡೀತಿದೆ. ಮೈಸೂರಲ್ಲೇ ಒಂದು ಗರ್ಭಸಂಸ್ಕಾರ ತರಗತಿಗೆ ಹೋಗ್ತಾಳೆ. ಎರಡನೇ ತಿಂಗಳಿಗೇ ಕಿವಿಯ ನರ ಮೆದುಳಿಗೆ ಸೇರಿರುತ್ತೆ, ಆಗಿನಿಂದಲೇ ಮಗು ಎಲ್ಲಾ ಕೇಳಿಸಿಕೊಳ್ಳುತ್ತೆ ಅಂತ ಅಲ್ಲಿ ಹೇಳಿದ್ದಾರಂತೆ. ಅವತ್ತಿಂದ ದಿನಾ ಸಂಜೆ ಹೊಟ್ಟೆ ಮೇಲೆ ಹೆಡ್‌ಫೋನ್ ಇಟ್ಟುಕೊಂಡು ಕೂರ್ತಾಳೆ. ಒಂದು ದಿನ ತಪ್ಪಿದರೆ ಮಗುವಿಗೆ ಏನೋ ನಷ್ಟ ಆಯ್ತು ಅಂತ ಅಳ್ತಾಳೆ, ನನಗೆ ಬೇಜಾರಾಗೋದು ಅದಕ್ಕೇ.

ನಾನು ಓದಿದ್ದು ಬಿಎಸ್ಸಿ, ಝೂವಾಲಜಿ ಇತ್ತು. ನ್ಯೂರಲ್ ಟ್ಯೂಬ್ (ಮುಂದೆ ಮೆದುಳು, ಬೆನ್ನುಹುರಿ ಆಗೋ ಕೊಳವೆ) ಹೇಗೆ ಮುಚ್ಚುತ್ತೆ ಅನ್ನೋತನಕ ಪಾಠ ಆಗಿತ್ತು. ಅದಾದ ಮೇಲೆ ಪುಸ್ತಕ ನೇರವಾಗಿ ಬೆಳೆದ ಮೆದುಳಿಗೆ ಹಾರಿಬಿಡುತ್ತೆ. ನಡುವೆ ಏನಾಗುತ್ತೆ? ನರದ ಎಳೆ ಮೆದುಳುಕಾಂಡ (ಮೆದುಳು ಬೆನ್ನುಹುರಿಗೆ ಸೇರೋ ಬುಡದ ಭಾಗ) ತಲುಪೋದು, ಅಲ್ಲಿ ಸಿನಾಪ್ಸ್ (ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸೋ ಜಾಗ) ಕೆಲಸ ಶುರು ಮಾಡೋದು, ಮಗುವಿಗೆ ನಿಜವಾಗಿ ಕೇಳಿಸೋದು, ಈ ಮೂರೂ ಒಟ್ಟಿಗೇ ಆಗುತ್ತಾ? ಯಾರ ಜೊತೆಗೂ ಜಗಳಕ್ಕಲ್ಲ. ಅವಳಿಗೆ ಸಮಾಧಾನವಾಗಿ ಹೇಳೋಕೆ ಒಂದು ಸರಿಯಾದ ಉತ್ತರ ಬೇಕು.

ಮಳವಳ್ಳಿ_ಮಂಜು
ಒಳ್ಳೆ ಪ್ರಶ್ನೆ ಅಕ್ಕ. ನಾನೂ ಕಾಯ್ತಿದೀನಿ.

ಕುವೆಂಪುನಗರದ_ರಾಯರು
ಅಭಿಮನ್ಯು ಸುಭದ್ರೆಯ ಹೊಟ್ಟೆಯಲ್ಲಿದ್ದಾಗಲೇ ಚಕ್ರವ್ಯೂಹ ಹೊಗೋದನ್ನ ಕೇಳಿಸಿಕೊಂಡ. ಹಿರಿಯರು ಸುಮ್ಮನೆ ಬರೆದಿಟ್ಟಿಲ್ಲ. ಇವತ್ತಿನ ವಿಜ್ಞಾನ ಹೇಳ್ತಿರೋದೂ ಅದನ್ನೇ. ನರ ಇದ್ದ ಮೇಲೆ ಕೇಳಿಸದೆ ಇರುತ್ತಾ? ಆ ಹೆಣ್ಣುಮಗಳನ್ನ ಅವಳ ಪಾಡಿಗೆ ಬಿಡಿ.

ಗಂಗೋತ್ರಿ_ನರಜೀವಿ
ರಾಯರೇ, "ನರ ಇದ್ದ ಮೇಲೆ" ಅನ್ನೋ ಕಡೆಯೇ ನನ್ನ ತಕರಾರು. ನರ ಇರೋದು ಬೇರೆ, ಅದರ ತುದಿಯಲ್ಲಿ ಸಿನಾಪ್ಸ್ ಕೆಲಸ ಮಾಡೋದು ಬೇರೆ. ಇದನ್ನ ಕಣ್ಣಾರೆ ನೋಡಿದವರು ಇದ್ದಾರೆ, ಅದೂ ಕೋಳಿ ಮೊಟ್ಟೆಯಲ್ಲಿ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರಲಿ.

ಮೊದಲನೇ ಕಷ್ಟ ಅಳೆಯೋದು. ಭ್ರೂಣದ ನರಕೋಶ ಬಹಳ ಚಿಕ್ಕದು, ಬಹಳ ಮೃದು. ದೊಡ್ಡ ಪ್ರಾಣಿಯಲ್ಲಿ ಮಾಡೋ ಥರ ಗಾಜಿನ ಎಲೆಕ್ಟ್ರೋಡ್ ಚುಚ್ಚಿದರೆ ಕೋಶವೇ ಒಡೆದುಹೋಗುತ್ತೆ. ಟೋಕಿಯೋದಲ್ಲಿ ಕೊಹ್ತಾರೋ ಕಮಿನೋ ಮತ್ತು ಅವರ ಜೊತೆಯವರು ಬೇರೆ ದಾರಿ ಹಿಡಿದರು. ಕೋಶದ ಪೊರೆಗೆ ಅಂಟಿಕೊಳ್ಳೋ ಒಂದು ಬಣ್ಣ ಹಾಕ್ತಾರೆ. ಪೊರೆಯ ವೋಲ್ಟೇಜ್ ಬದಲಾದ ತಕ್ಷಣ ಆ ಬಣ್ಣ ಹೀರಿಕೊಳ್ಳೋ ಬೆಳಕೂ ಒಂದು ಚೂರು ಬದಲಾಗುತ್ತೆ. ಕೆಳಗಿಂದ ಬೆಳಕು ಬಿಟ್ಟು ಮೇಲೆ ಫೋಟೋಡಯೋಡ್‌ಗಳ ಜಾಲರಿ ಇಟ್ಟರೆ, ಮೆದುಳುಕಾಂಡದ ನೂರಾರು ಜಾಗ (ಮುಂದೆ ಸಾವಿರಕ್ಕೂ ಹೆಚ್ಚು) ಒಂದೇ ಸಲಕ್ಕೆ ಕಾಣುತ್ತೆ.

ಇನ್ನು ಪ್ರಯೋಗ. ಮೊಟ್ಟೆಯಿಂದ ಭ್ರೂಣದ ಮೆದುಳುಕಾಂಡ ತೆಗೆದು, ವೇಗಸ್ ನರದ ತುದಿಗೆ ಸಣ್ಣ ಶಾಕ್ ಕೊಡ್ತಾರೆ. ಹೃದಯ, ಶ್ವಾಸಕೋಶ, ಹೊಟ್ಟೆಯ ಸುದ್ದಿ ಮೆದುಳಿಗೆ ತರೋ ನರ ಅದು. ಅದರ ಸಂವೇದನೆಯ ಎಳೆಗಳು ಹೋಗಿ ನಿಲ್ಲೋ ಜಾಗದ ಹೆಸರು ನ್ಯೂಕ್ಲಿಯಸ್ ಟ್ರ್ಯಾಕ್ಟಸ್ ಸಾಲಿಟೇರಿಯಸ್. ಕಾವಿನ 4ನೇ ದಿನದ ಹೊತ್ತಿಗೇ ಒಂದು ಚೂಪಾದ ಕ್ಷಣಿಕ ಸಿಗ್ನಲ್ ಬರುತ್ತೆ. ಅಂದ್ರೆ ಎಳೆಯಲ್ಲಿ ವಿದ್ಯುತ್ ಹರೀತಿದೆ. ಆದರೆ ಅಷ್ಟೇ. ಅದರ ಹಿಂದೆ ಬರಬೇಕಾದ ನಿಧಾನದ, ಅಗಲವಾದ ಅಲೆ ಇಲ್ಲ. ಮುಂದಿನ ಕೋಶ ಸುದ್ದಿ ತಗೊಂಡಿದೆ ಅನ್ನೋದಕ್ಕೆ ಆ ನಿಧಾನದ ಅಲೆಯೇ ಗುರುತು. ಮಾಮೂಲಿ ದ್ರಾವಣದಲ್ಲಿ ಅದು ಕಾಣಿಸಿಕೊಳ್ಳೋದು 7ನೇ ದಿನ.

ನಡುವಿನ 6ನೇ ದಿನದಲ್ಲಿ ಏನಿದೆ ಅನ್ನೋದನ್ನ ಸಂಜೆ ಬರೀತೀನಿ. ಈಗ ಕ್ಲಾಸಿದೆ.

ಮದ್ದೂರು_ನಾಟಿಕೋಳಿ
ಅಣ್ಣೋ ತಡೀರಿ. ನಾವು ಕೋಳಿ ಸಾಕೋರು, ಮೊಟ್ಟೆ ಕಾವಿಗ್ ಕೂರಿಸಿ ಏಳನೇ ದಿನಕ್ಕೆ ರಾತ್ರಿ ಹೊತ್ತು ಕತ್ಲಲ್ಲಿ ಟಾರ್ಚ್ ಹಿಡಿದು ನೋಡ್ತೀವಿ. ಕಟ್ಟಿರೋ ಮೊಟ್ಟೆ ಆದ್ರೆ ಕೆಂಪು ಎಳೆ ಎಳೆ ರಕ್ತನಾಳ ಹರಡ್ಕೊಂಡಿರ್ತವೆ, ನಡುವೆ ಕಣ್ಣಿನ್ ಕಪ್ ಚುಕ್ಕೆ. ಸ್ವಲ್ಪ ಹೊತ್ತು ಅಳ್ಳಾಡ್ದಂಗೆ ಹಿಡ್ಕಂಡ್ರೆ ಆ ಚುಕ್ಕೆ ಆ ಕಡೆ ಈ ಕಡೆ ತೂಗಾಡ್ತದೆ. ಬೆಳಕಿಗೆ ಬೆಚ್ಚಿ ಅಳ್ಳಾಡ್ತದೆ ಅಂತ ನಮ್ಮವ್ವ ಅಂತಿತ್ತು. ನೀವು ಸಿನಾಪ್ಸೇ ಈಗ ಶುರು ಅಂತೀರಿ. ಮತ್ತೆ ಅಳ್ಳಾಡದೆಂಗೆ?

ಮಳವಳ್ಳಿ_ಮಂಜು
ಟಾರ್ಚ್ ಬಿಸಿ ಇರುತ್ತಲ್ಲ, ಬಿಸಿಗಿರಬಹುದು.

ನಿವೃತ್ತ_ಜೀವಶಾಸ್ತ್ರ_ಮೇಷ್ಟ್ರು
ನಾಟಿಕೋಳಿಯವರು ನೋಡಿದ್ದು ನೂರಕ್ಕೆ ನೂರು ಸರಿ, ಕಾರಣ ಮಾತ್ರ ಬೆಳಕೂ ಅಲ್ಲ, ಬಿಸಿಯೂ ಅಲ್ಲ. ನಾನು ಪಿಯುಸಿ ಮಕ್ಕಳಿಗೆ ವರ್ಷ ವರ್ಷ ಹೇಳಿಕೊಂಡು ಬಂದ ವಿಷಯ ಇದು.

ಜರ್ಮನಿಯ ಪ್ರೇಯರ್ ಎಂಬ ವಿಜ್ಞಾನಿ 1885ರಲ್ಲೇ ಗಮನಿಸಿ ಬರೆದರು. ಕೋಳಿ ಭ್ರೂಣ ಮೂರೂವರೆ-ನಾಲ್ಕು ದಿನಕ್ಕೆ ತಾನಾಗಿಯೇ ಅಲುಗಾಡಲು ಶುರು ಮಾಡುತ್ತದೆ. ಆದರೆ ಮುಟ್ಟಿದರೆ ಪ್ರತಿಕ್ರಿಯೆ ತೋರಿಸುವುದು ಅದಾದ ಎಷ್ಟೋ ದಿನದ ಮೇಲೆ. ಅಂದರೆ ಹೊರಗಿನ ಸುದ್ದಿ ಒಳಗೆ ಬರುವ ಮುಂಚೆಯೇ ಚಲನೆ ಇದೆ. ವಿಕ್ಟರ್ ಹ್ಯಾಂಬರ್ಗರ್ 1960ರ ದಶಕದಲ್ಲಿ ಇದನ್ನು ಗಟ್ಟಿಯಾಗಿ ಸಾಧಿಸಿ ತೋರಿಸಿದರು. ಕಾಲಿನಿಂದ ಸುದ್ದಿ ಒಳಗೆ ತರುವ ಭಾಗವನ್ನೇ ಭ್ರೂಣದಿಂದ ಎಳೆಯದರಲ್ಲೇ ತೆಗೆದುಬಿಟ್ಟರು. ಆದರೂ ಕಾಲು ಆಡುತ್ತಿತ್ತು! ಬೆನ್ನುಹುರಿಯ ಚಲನಾ ಕೋಶಗಳು ತಮ್ಮಷ್ಟಕ್ಕೆ ತಾವೇ ಮಿಡಿಯುತ್ತವೆ.

ಈಗ ಗಂಗೋತ್ರಿಯವರು ಹೇಳಿದ 7ನೇ ದಿನವನ್ನೂ ಪ್ರೇಯರ್ ಹೇಳಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಮೆದುಳುಕಾಂಡದ ಲೆಕ್ಕ, ಇನ್ನೊಂದು ಬೆನ್ನುಹುರಿಯ ಲೆಕ್ಕ. ಆದರೂ ಕ್ರಮ ಒಂದೇ. ಅಲುಗಾಟ ಮೊದಲು, ಗ್ರಹಿಕೆ ಆಮೇಲೆ. ನನಗೆ ಇದಕ್ಕಿಂತ ಸೊಗಸಾದ ವಿಷಯ ಜೀವಶಾಸ್ತ್ರದಲ್ಲಿ ಕಡಿಮೆ.

ಮದ್ದೂರು_ನಾಟಿಕೋಳಿ
ಔದಾ ಸಾ! ಇಷ್ಟು ವರ್ಷ ನಾನು ಅದ್ಕೆ ತೊಂದ್ರೆ ಆಯ್ತದೆ ಅಂತ ಬ್ಯಾಟರಿ ಬೇಗ ಆರಿಸ್ಬುಡ್ತಿದ್ದೆ. ಏನೇ ಆಗ್ಲಿ, ಜಾಸ್ತಿ ಹೊತ್ತು ಆಚೆ ಇಟ್ರೆ ಮೊಟ್ಟೆ ತಣ್ಣಗಾಯ್ತದೆ, ಅದು ಒಳ್ಳೇದಲ್ಲ.

ಲಷ್ಕರ್_ಮೊಹಲ್ಲಾ_ಹುಡುಗ
ವಿಷಯಾಂತರಕ್ಕೆ ಕ್ಷಮೆ ಇರಲಿ. ಅಂಗಡಿ ಮೊಟ್ಟೆಯಲ್ಲೂ ಹಿಂಗೆ ಭ್ರೂಣ ಇರುತ್ತಾ? ಇದನ್ನ ಓದಿ ನಮ್ಮನೇಲಿ ಆಮ್ಲೆಟ್ ಬೇಡ ಅಂತಿದಾರೆ.

ಮದ್ದೂರು_ನಾಟಿಕೋಳಿ
ಇಲ್ಲ ಕಣಪ್ಪ. ಫಾರಂನಲ್ಲಿ ಮೊಟ್ಟೆ ಇಡೋ ಕೋಳಿ ಜೊತೆ ಹುಂಜ ಇರಲ್ಲ. ಕಟ್ಟದೇ ಇರೋ ಮೊಟ್ಟೆ ಅದು, ಎಷ್ಟು ಕಾವು ಕೊಟ್ರೂ ಮರಿ ಆಗಲ್ಲ. ಧೈರ್ಯವಾಗಿ ತಿನ್ನಿ.

ಗಂಗೋತ್ರಿ_ನರಜೀವಿ
ಬಂದೆ. ಮೇಷ್ಟ್ರ ಮಾತಿಗೆ ನನ್ನದೂ ಸಹಿ. ಈಗ 6ನೇ ದಿನದ ಕಥೆ, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ಸಂವೇದನೆಯ ನರದ ತುದಿ ಗ್ಲುಟಮೇಟ್ ಅನ್ನೋ ರಾಸಾಯನಿಕ ಬಿಡುತ್ತೆ. ಅದನ್ನ ಹಿಡಿಯೋಕೆ ಮುಂದಿನ ಕೋಶದಲ್ಲಿ ಮುಖ್ಯವಾಗಿ ಎರಡು ಬಗೆಯ ಗ್ರಾಹಕ. ಒಂದು ಎನ್‌ಎಂಡಿಎ ಗ್ರಾಹಕ, ಇನ್ನೊಂದು ಆ ಜಾತಿಗೆ ಸೇರದ್ದು, ವೇಗವಾಗಿ ತೆರೆಯೋದು. ಎನ್‌ಎಂಡಿಎ ಗ್ರಾಹಕದ್ದು ಒಂದು ವಿಚಿತ್ರ ಸ್ವಭಾವ. ಕೋಶ ಸುಮ್ಮನೆ ವಿಶ್ರಾಂತಿಯಲ್ಲಿ ಇರುವಾಗ ಅದರ ರಂಧ್ರದೊಳಗೆ ಮೆಗ್ನೀಸಿಯಂ ಅಯಾನು ಬಂದು ಕೂತುಬಿಡುತ್ತೆ. ಗ್ಲುಟಮೇಟ್ ಬಂದು ಅಂಟಿದರೂ ಏನೂ ಹರಿಯಲ್ಲ. ಇದು 1984ರಲ್ಲಿ ಗೊತ್ತಾಯ್ತು.

ಟೋಕಿಯೋದವರು 1994ರಲ್ಲಿ ಮಾಡಿದ್ದು ಇಷ್ಟೇ. 6ನೇ ದಿನದ ಮೆದುಳುಕಾಂಡವನ್ನ ಮೆಗ್ನೀಸಿಯಂ ಇಲ್ಲದ ದ್ರಾವಣಕ್ಕೆ ಹಾಕಿದರು. ಅಲ್ಲಿವರೆಗೆ ಇಲ್ಲವೇ ಇಲ್ಲ ಅಂದುಕೊಂಡಿದ್ದ ನಿಧಾನದ ಅಲೆ ಎದ್ದು ನಿಂತಿತು! ಎನ್‌ಎಂಡಿಎ ಗ್ರಾಹಕವನ್ನ ತಡೆಯೋ ಎಪಿವಿ ಔಷಧಿ ಹಾಕಿದರೆ ಮತ್ತೆ ಮಾಯ. ಅಂದ್ರೆ 6ನೇ ದಿನಕ್ಕೇ ತುದಿ ರಾಸಾಯನಿಕ ಬಿಡ್ತಿದೆ, ಎದುರುಗಡೆ ಗ್ರಾಹಕವೂ ಇದೆ, ಆದರೆ ಬಾಗಿಲು ಮೆಗ್ನೀಸಿಯಂ ಕೈಯಲ್ಲಿದೆ. ಮಂಡ್ಯದವರಿಗೆ ಹೇಳೋದಾದ್ರೆ ನಾಲೆ ತೋಡಿ ಆಗಿದೆ, ನೀರೂ ಬಂದು ನಿಂತಿದೆ, ತೂಬು ಮಾತ್ರ ಎತ್ತಿಲ್ಲ. ಗದ್ದೆ ಒಣಗೇ ಇದೆ.

ಸರಸ್ವತೀಪುರಂ ಅವರೇ, ನಿಮ್ಮ ಮೂರರ ಪ್ರಶ್ನೆಗೆ ಕೋಳಿಯಲ್ಲಿ ಸಿಗೋ ಉತ್ತರ ಇದು. ಮೂರೂ ಒಟ್ಟಿಗೆ ಆಗಲ್ಲ. ಎಳೆ ಮುಟ್ಟೋದು ಮೊದಲು, ಸಿನಾಪ್ಸ್ ತಯಾರಾಗಿಯೂ ಬಾಯಿ ಬಿಡದೆ ಇರೋದು ಆಮೇಲೆ, ಮಾಮೂಲಿ ಸ್ಥಿತಿಯಲ್ಲಿ ಸುದ್ದಿ ದಾಟೋದು ಅದರ ನಂತರ. ಪ್ರಾಣಿಗೆ ಅದರಿಂದ ಏನಾದರೂ ಪ್ರಯೋಜನ ಆಗೋದು ಇನ್ನೂ ಮುಂದೆ.

ವಿಜಯನಗರ_ಎರಡನೇ_ಹಂತ
ಕೋಳಿ ಕೋಳಿನೇ, ಮನುಷ್ಯ ಮನುಷ್ಯನೇ. 21 ದಿನದಲ್ಲಿ ಮರಿಯಾಗೋ ಪ್ರಾಣಿ ತಗೊಂಡು ಒಂಬತ್ತು ತಿಂಗಳ ಮಗುವಿನ ಲೆಕ್ಕ ಹೇಳೋದು ಎಷ್ಟು ಸರಿ? ಅಲ್ಲದೆ ನೀವು ಹೇಳಿದ್ದು ವೇಗಸ್ ನರ. ಅಕ್ಕ ಕೇಳಿದ್ದು ಕಿವಿ.

ಗಂಗೋತ್ರಿ_ನರಜೀವಿ
ದಿನಗಳ ಲೆಕ್ಕ ಹೊಂದಲ್ಲ, ಒಪ್ಪಿದೆ. ನಾನು ಹೇಳ್ತಿರೋದು ಕ್ರಮದ ಬಗ್ಗೆ. ಕಿವಿಗೂ ಕೋಳಿಯಲ್ಲೇ ಕೆಲಸ ಆಗಿದೆ. ಮರಿ ಶಬ್ದಕ್ಕೆ ಪ್ರತಿಕ್ರಿಯಿಸೋದು ಸುಮಾರು 11-12ನೇ ದಿನದಿಂದ. ಆದರೆ ಕಿವಿಯ ನರಕ್ಕೆ ಶಾಕ್ ಕೊಟ್ಟು ನೋಡಿದರೆ ಮೆದುಳುಕಾಂಡದಲ್ಲಿ ಸಿನಾಪ್ಸ್ ಉತ್ತರ ಅದಕ್ಕಿಂತ ಮುಂಚೆಯೇ ಸಿಗುತ್ತೆ. ಅಂದ್ರೆ ಕಿವಿ ಶಬ್ದ ಹಿಡಿಯೋದಕ್ಕೆ ಮೊದಲೇ ಒಳಗಿನ ದಾರಿ ಸುದ್ದಿ ದಾಟಿಸಬಲ್ಲದು. ಆದರೆ ದಾಟಿಸೋಕೆ ಶಬ್ದವೇ ಇಲ್ಲ.

ಕಿವಿಮಾತು_ಅಕ್ಕ
ನಾನು ಮೈಸೂರಲ್ಲಿ ಆಡಿಯಾಲಜಿಸ್ಟ್, ಅಂದ್ರೆ ಶ್ರವಣ ತಜ್ಞೆ. ಮನುಷ್ಯರ ಬಗ್ಗೆ ಕೇಳಿದ್ದರಿಂದ ಬರೀತಿದೀನಿ.

ಮನುಷ್ಯ ಭ್ರೂಣದಲ್ಲಿ ಮೊದಲು ಎಚ್ಚರಾಗೋದು ಸ್ಪರ್ಶ. ತುಟಿ ಸುತ್ತ ಕೂದಲಿನಷ್ಟು ತೆಳುವಾದ ಎಳೆಯಿಂದ ಸವರಿದರೆ ಸುಮಾರು ಏಳೂವರೆ ವಾರಕ್ಕೇ ಭ್ರೂಣ ಕತ್ತು ವಾಲಿಸುತ್ತೆ. ಅಮೆರಿಕದ ಡೇವನ್‌ಪೋರ್ಟ್ ಹೂಕರ್ ಅನ್ನುವವರು ಇದನ್ನ ದಾಖಲಿಸಿದ್ದಾರೆ. ಮುಖದ ಸುದ್ದಿ ತರೋ ಟ್ರೈಜೆಮಿನಲ್ ನರ ಮೆದುಳುಕಾಂಡಕ್ಕೆ ಹೋಗಿ, ಅಲ್ಲಿಂದ ಕತ್ತಿನ ಸ್ನಾಯುವಿಗೆ ಬರೋ ದಾರಿ ಅದು. ಸ್ಪರ್ಶ ಆದ ಮೇಲೆ ಸಮತೋಲನ, ಆಮೇಲೆ ಶ್ರವಣ, ಕೊನೆಗೆ ದೃಷ್ಟಿ. ಹಕ್ಕಿಯಲ್ಲೂ ಸಸ್ತನಿಯಲ್ಲೂ ಇದೇ ಸರದಿ ಅಂತ ಗಿಲ್ಬರ್ಟ್ ಗಾಟ್ಲೀಬ್ 1971ರಲ್ಲಿ ತೋರಿಸಿದರು. ವಿಜಯನಗರದವರಿಗೆ ಇದು ಉತ್ತರ ಆಗಬಹುದು.

ಶ್ರವಣಕ್ಕೆ ಬರೋಣ. ಒಳಗಿವಿಯ ಕಾಕ್ಲಿಯಾ ಒಂದು ರೂಪಕ್ಕೆ ಬರೋದೇ ಸುಮಾರು 20 ವಾರಕ್ಕೆ. ಸ್ಪೀಕರ್‌ನಿಂದ ಶಬ್ದ ಕೊಟ್ಟು ಸ್ಕ್ಯಾನ್‌ನಲ್ಲಿ ಅಲುಗಾಟ ನೋಡಿದ 1994ರ ಒಂದು ಅಧ್ಯಯನದಲ್ಲಿ ಅತಿ ಮೊದಲ ಪ್ರತಿಕ್ರಿಯೆ ಸಿಕ್ಕಿದ್ದು 19 ವಾರಕ್ಕೆ. ಅದೂ ಒಂದೇ ಭ್ರೂಣದಲ್ಲಿ, 500 ಹರ್ಟ್ಸ್‌ನ ತಗ್ಗು ಸ್ವರಕ್ಕೆ. ಬಹುತೇಕ ಎಲ್ಲಾ ಭ್ರೂಣಗಳೂ ತಗ್ಗು ಸ್ವರಕ್ಕೆ ಸ್ಪಂದಿಸಿದ್ದು 27 ವಾರಕ್ಕೆ. ತೀಕ್ಷ್ಣ ಸ್ವರಗಳಿಗೆ 33-35 ವಾರ ಬೇಕಾಯ್ತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಬೇರಾ ಪರೀಕ್ಷೆ (ಕಿವಿಗೆ ಶಬ್ದ ಕೊಟ್ಟು ಮೆದುಳುಕಾಂಡದ ವಿದ್ಯುತ್ ಅಲೆ ನೋಡೋದು) ಮಾಡಿದರೆ ಮೆದುಳುಕಾಂಡದ ಅಲೆಗಳು ಸುಮಾರು 26-28 ವಾರದಿಂದ ಸಿಗೋಕೆ ಶುರು, ಅದೂ ತಡವಾಗಿ, ಮೊಂಡಾಗಿ.

ನಿಮ್ಮ ನಾದಿನಿಗೆ ಪ್ರೀತಿಯಿಂದ ಹೇಳಿ. ಮೂರು ತಿಂಗಳಲ್ಲಿ ಕಿವಿ ಇನ್ನೂ ಕಟ್ಟುತ್ತಾ ಇದೆ. ಒಂದು ದಿನ ತಪ್ಪಿದರೆ ಏನೇನೂ ನಷ್ಟವಿಲ್ಲ. ಹೆಡ್‌ಫೋನ್ ಮುಂದೆಯೂ ಬೇಡ.

ಕುವೆಂಪುನಗರದ_ರಾಯರು
ಏಳೂವರೆ ವಾರಕ್ಕೆ ಪ್ರತಿಕ್ರಿಯೆ ಇದೆ ಅಂತ ನೀವೇ ಬರೆದಿರಿ. ಎರಡು ತಿಂಗಳಾಗಲಿಲ್ಲವೇ ಅದು? ಹಾಗಾದರೆ ತರಗತಿಯವರು ಹೇಳಿದ್ದರಲ್ಲಿ ತಪ್ಪೇನು?

ಕಿವಿಮಾತು_ಅಕ್ಕ
ಅದು ತುಟಿಯ ಸ್ಪರ್ಶ ರಾಯರೇ, ಕಿವಿಯಲ್ಲ. ಅದೂ ಮೆದುಳುಕಾಂಡ ಮತ್ತು ಬೆನ್ನುಹುರಿಯ ಮಟ್ಟದಲ್ಲೇ ಮುಗಿಯೋ ರಿಫ್ಲೆಕ್ಸ್. ತಿಳಿದುಕೊಳ್ಳೋಕೆ, ನೆನಪಿಟ್ಟುಕೊಳ್ಳೋಕೆ ಬೇಕಾದ ಮೇಲಿನ ಭಾಗಕ್ಕೆ ಆಗ ಸಂಪರ್ಕವೇ ಇಲ್ಲ. ಒಂದು ನರದ ಲೆಕ್ಕ ತಂದು ಇನ್ನೊಂದಕ್ಕೆ ಅಂಟಿಸಬಾರದು, ನನ್ನ ಗಟ್ಟಿ ಅಭಿಪ್ರಾಯ ಇದು.

ಆದರೆ ನಿಮ್ಮ ಮಾತಿನಲ್ಲಿ ನಿಜ ಇರೋ ಜಾಗವನ್ನೂ ಹೇಳ್ತೀನಿ. ಕೊನೆಯ ಮೂರು ತಿಂಗಳು ಮಗು ಕೇಳಿಸಿಕೊಳ್ಳುತ್ತೆ, ಕಲಿಯುತ್ತೆ ಕೂಡ. ಹುಟ್ಟಿದ ಕೂಸು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಇಷ್ಟಪಡುತ್ತೆ ಅಂತ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲೇ ತೋರಿಸಿದರು. ಗರ್ಭದ ಕೊನೇ ಆರು ವಾರ ತಾಯಿ ಗಟ್ಟಿಯಾಗಿ ಓದಿದ ಕಥೆಯನ್ನ ಹುಟ್ಟಿದ ಮೇಲೆ ಮಗು ಗುರುತಿಸುತ್ತೆ ಅನ್ನೋದು 1986ರ ಕೆಲಸ. ತಾಯಿಯ ದನಿ ಮೂಳೆ, ಮಾಂಸದ ಮೂಲಕವೇ ಒಳಗೆ ಹೋಗುತ್ತೆ. ಯಂತ್ರ ಬೇಡ. ಏಳನೇ ತಿಂಗಳಿಂದ ಅವಳು ಬಾಯಿತುಂಬ ಮಾತಾಡಲಿ, ದೇವರನಾಮ ಹಾಡಲಿ, ಬೇಕಾದಷ್ಟು.

ಕುವೆಂಪುನಗರದ_ರಾಯರು
ಏಳನೇ ತಿಂಗಳು ಅಂದ್ರೆ ನಮ್ಮಲ್ಲಿ ಸೀಮಂತದ ಆಸುಪಾಸು. ವೀಣೆ ನುಡಿಸುವ ಪದ್ಧತಿ ಇರೋದೂ ಆಗಲೇ. ಇದನ್ನ ನೀವು ಅಲ್ಲಗಳೆಯಲ್ಲ ತಾನೆ?

ಕಿವಿಮಾತು_ಅಕ್ಕ
ಖಂಡಿತ ಇಲ್ಲ. ಆಗ ನುಡಿಸಿದ್ದು ಮಗುವಿಗೆ ಮುಟ್ಟುತ್ತೆ.

ಪಾಂಡವಪುರದ_ಪುಟ್ಟಿ
ಒಂದು ಸಂಶಯ. ಶಬ್ದ ಬರೋ ಮುಂಚೆಯೇ ದಾರಿ ರೆಡಿ ಅಂದ್ರಿ. ಬಳಸದೇ ಇದ್ರೆ ಸಿನಾಪ್ಸ್ ಹಾಳಾಗಲ್ವಾ? ಬಳಸದ ಬೈಕ್ ಬ್ಯಾಟರಿ ಕೂಡ ಇಳಿದೋಗುತ್ತೆ.

ಗಂಗೋತ್ರಿ_ನರಜೀವಿ
ಪುಟ್ಟಿ, ಬಹಳ ಜನ ಕೇಳದೇ ಬಿಡೋ ಪ್ರಶ್ನೆ ಇದು. ಉತ್ತರ ಏನಂದ್ರೆ ಆ ದಾರಿ ಖಾಲಿ ಬಿದ್ದಿರಲ್ಲ. ಭ್ರೂಣ ತಾನೇ ಅಲೆ ಎಬ್ಬಿಸಿಕೊಳ್ಳುತ್ತೆ.

ಎರಡು ಉದಾಹರಣೆ ಕೊಡ್ತೀನಿ. ಕೋಳಿ, ಇಲಿ ಎರಡರ ಭ್ರೂಣದಲ್ಲೂ ಒಂದು ಹಂತದಲ್ಲಿ ದೊಡ್ಡ ಅಲೆಯೊಂದು ತಾನಾಗಿ ಎದ್ದು ಮೆದುಳುಕಾಂಡ, ಬೆನ್ನುಹುರಿ, ಇನ್ನೂ ಮುಂದಕ್ಕೂ ಹರಡುತ್ತೆ. ಯಾವ ನರ ಕೆಣಕಿದರೂ ಬಹುಮಟ್ಟಿಗೆ ಅದೇ ಅಲೆ. ಬಣ್ಣದ ವಿಧಾನದಲ್ಲೇ ಮೊಮೊಸೆ-ಸಾಟೋ, ಸಾಟೋ ಅವರು ಇದನ್ನ ನಕ್ಷೆ ಮಾಡಿದರು. ಬೆಳೀತಾ ಬೆಳೀತಾ ಆ ಅಲೆ ಅಡಗುತ್ತೆ, ಒಂದೊಂದು ನರಕ್ಕೂ ಅದರದ್ದೇ ಆದ ಸಿನಾಪ್ಸ್ ಉಳಿಯುತ್ತೆ. ಇನ್ನೊಂದು ಕಿವಿಯದ್ದು. ಇಲಿಮರಿ ಹುಟ್ಟಿ ಎರಡು ವಾರದ ಹತ್ತಿರ ಆಗೋತನಕ ಅದಕ್ಕೆ ಕೇಳಿಸಲ್ಲ. ಆದರೂ ಕಾಕ್ಲಿಯಾದ ಆಧಾರಕೋಶಗಳು ತಾವೇ ಎಟಿಪಿ ಅನ್ನೋ ರಾಸಾಯನಿಕ ಬಿಟ್ಟು, ಶಬ್ದ ಹಿಡಿಯೋ ಪಕ್ಕದ ರೋಮಕೋಶಗಳನ್ನ ಕೆಣಕುತ್ತವೆ. ಅವು ಗ್ಲುಟಮೇಟ್ ಬಿಟ್ಟು ನರ ಮಿಡಿಯುತ್ತೆ, ಮೆದುಳುಕಾಂಡಕ್ಕೆ ಸುದ್ದಿ ಹೋಗುತ್ತೆ. 2007ರಲ್ಲಿ ಟ್ರಿಟ್ಶ್, ಬರ್ಗಲ್ಸ್ ಗುಂಪು ಇದನ್ನ ಕಂಡಿತು. ಹೊರಗೆ ಪೂರ್ತಿ ನಿಶ್ಶಬ್ದ, ಒಳಗೆ ತಾಲೀಮು.

ಎಳೆಯ ಮೆದುಳಲ್ಲಿ ಇನ್ನೊಂದೂ ತಲೆಕೆಳಗು. ದೊಡ್ಡವರಲ್ಲಿ ಕೋಶವನ್ನ ಸುಮ್ಮನಿರಿಸೋ ಗಾಬಾ ಅನ್ನೋ ರಾಸಾಯನಿಕ ಆಗ ಕೋಶವನ್ನ ಎಚ್ಚರಿಸೋ ಕಡೆಗೆ ತಳ್ಳುತ್ತೆ, ಯಾಕಂದ್ರೆ ಎಳೆ ಕೋಶದೊಳಗೆ ಕ್ಲೋರೈಡ್ ಜಾಸ್ತಿ.

ವಿಜಯನಗರ_ಎರಡನೇ_ಹಂತ
ಹಂಗಾದ್ರೆ ಸಿನಾಪ್ಸ್ ಕೆಲಸ ಮಾಡದಿದ್ರೆ ಮೆದುಳೇ ಬೆಳೆಯಲ್ಲ ಅಂತಾಯ್ತು. ಇಷ್ಟು ತಾಲೀಮು ಯಾಕೆ ಮತ್ತೆ?

ನಿವೃತ್ತ_ಜೀವಶಾಸ್ತ್ರ_ಮೇಷ್ಟ್ರು
ಅಷ್ಟು ಸಲೀಸಾಗಿ ಹೇಳುವಂತಿಲ್ಲ. 2000ದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಮಂಕ್18-1 ಎಂಬ ಒಂದು ಪ್ರೋಟೀನು ಇಲ್ಲದ ಇಲಿ. ಅದಿಲ್ಲದಿದ್ದರೆ ಸಿನಾಪ್ಸ್ ಒಂದು ಹನಿ ರಾಸಾಯನಿಕವನ್ನೂ ಬಿಡಲಾರದು. ಆಶ್ಚರ್ಯವೆಂದರೆ ಆ ಭ್ರೂಣದ ಮೆದುಳು ಪದರ ಪದರವಾಗಿ ಸರಿಯಾಗಿಯೇ ಕಟ್ಟಿಕೊಂಡಿತ್ತು, ಸಿನಾಪ್ಸ್‌ಗಳ ಆಕಾರವೂ ಬಂದಿತ್ತು. ಆದರೆ ಕಟ್ಟಿದ ಮೇಲೆ ಕೋಶಗಳು ಸಾಯತೊಡಗಿದವು. ಮೊದಲು ಹೋದದ್ದು ಮೆದುಳಿನ ಕೆಳಭಾಗ, ಮೆದುಳುಕಾಂಡದ ಕಡೆಯದು. ಮರಿ ಬದುಕಲಿಲ್ಲ. ಕಟ್ಟಲು ವಂಶವಾಹಿಯ ಲೆಕ್ಕಾಚಾರ ಬಹುಮಟ್ಟಿಗೆ ಸಾಕು, ಉಳಿಸಿಕೊಳ್ಳಲು ಚಟುವಟಿಕೆ ಬೇಕು ಎಂದು ನಾನು ಓದಿಕೊಂಡಿದ್ದೇನೆ.

ವಿಜಯನಗರ_ಎರಡನೇ_ಹಂತ
ಈ ಇಲಿ ವಿಷಯ ಹೊಸದು ನನಗೆ. ಥ್ಯಾಂಕ್ಸ್ ಮೇಷ್ಟ್ರೇ. ಆದರೂ ಎಷ್ಟು ಮರಿ ಕೋಳಿ ಭ್ರೂಣ ಕೊಂದು ಇದೆಲ್ಲಾ ತಿಳಿಯಬೇಕು ಅನ್ನೋದು ನನಗೆ ನುಂಗಲಾರದ ತುತ್ತು.

ಗಂಗೋತ್ರಿ_ನರಜೀವಿ
ನುಂಗಲಾರದ್ದು ನಿಜ, ನಾನು ತಳ್ಳಿಹಾಕಲ್ಲ. ಅದಕ್ಕೇ ಎಷ್ಟು ಕಡಿಮೆ ಮೊಟ್ಟೆಯಲ್ಲಿ ಕೆಲಸ ಮುಗಿಸಬಹುದು ಅಂತ ಪ್ರತಿ ಸಲ ಲೆಕ್ಕ ಹಾಕಬೇಕು. ಬೆಳಕಿನ ವಿಧಾನದಲ್ಲಿ ಒಂದೇ ಮಾದರಿಯಿಂದ ನೂರಾರು ಜಾಗದ ದಾಖಲೆ ಸಿಗೋದು ಈ ದೃಷ್ಟಿಯಿಂದಲೂ ಒಳ್ಳೇದು.

ಮದ್ದೂರು_ನಾಟಿಕೋಳಿ
ನಂದೊಂದು ಮಾತು. ಮರಿ ಒಡೆಯೋ ಹಿಂದಿನ್ ದಿನ ಮೊಟ್ಟೆನ ಕಿವಿ ಹತ್ರ ಹಿಡಿದ್ರೆ ಒಳಗಿಂದ್ಲೇ ಚಿಂವ್ ಚಿಂವ್ ಅಂತದೆ. ಹ್ಯಾಟೆ ಮೇಲಿಂದ ಕೊಕ್ ಕೊಕ್ ಅಂದ್ರೆ ಇದು ಸುಮ್ಕಾಯ್ತದೆ, ಇಲ್ಲಾ ಜೋರಾಯ್ತದೆ. ಕಾವು ಮಿಷಿನ್‌ನಲ್ಲಿ ಆದ ಮರಿಗೂ ಹ್ಯಾಟೆ ಅಡಿ ಆದ ಮರಿಗೂ ಬುದ್ಧೀಲಿ ವ್ಯತ್ಯಾಸ ಅದೆ ಅಂತ ನಮ್ ಕಡೆ ಎಲ್ರೂ ಒಪ್ತಾರೆ. ಅದ್ಕೂ ಇದ್ಕೂ ಸಂಬಂಧ ಅದಾ?

ಕಿವಿಮಾತು_ಅಕ್ಕ
ಇದೆ! ಗಾಟ್ಲೀಬ್ ಅಂತ ಹೇಳಿದೆನಲ್ಲ, ಅವರು ಬಾತುಕೋಳಿಯಲ್ಲಿ ಇದನ್ನೇ ನೋಡಿದರು. ಮೊಟ್ಟೆಯೊಳಗೆ ಮರಿ ತನ್ನ ದನಿ ಮತ್ತು ಅಣ್ಣತಮ್ಮಂದಿರ ದನಿ ಕೇಳಿಸಿಕೊಳ್ಳುತ್ತೆ. ದನಿ ಹೊರಡದಂತೆ ಮಾಡಿ ಒಂಟಿಯಾಗಿ ಇಟ್ಟ ಮರಿಗೆ ಹುಟ್ಟಿದ ಮೇಲೆ ತನ್ನ ಜಾತಿಯ ತಾಯಿಯ ಕರೆಯನ್ನ ಸರಿಯಾಗಿ ಗುರುತಿಸೋಕೆ ಆಗಲಿಲ್ಲ. ನೀವು ಗಮನಿಸಿದ್ದನ್ನ ಒಂದು ಕಡೆ ಬರೆದಿಡಿ, ದಯವಿಟ್ಟು.

ಪಾಂಡವಪುರದ_ಪುಟ್ಟಿ
ಅಕ್ಕ, ನನ್ನ ವಿಷಯ ಹೇಳಿಬಿಡ್ತೀನಿ. ನನ್ನ ಮಗನಿಗೆ ಹುಟ್ಟಿದ ಮೂರನೇ ದಿನ ಕಾಮಾಲೆ ಜೋರಾಗಿ ಲೈಟ್ ಕೆಳಗೆ ಇಟ್ಟಿದ್ರು. ಮನೆಗೆ ಕಳಿಸುವಾಗ ಆ ಆಸ್ಪತ್ರೆಯಲ್ಲಿ ಯಾರೂ ಕಿವಿ ಪರೀಕ್ಷೆ ಮಾಡಿಸಿ ಅಂತ ಒಂದು ಮಾತು ಹೇಳಲಿಲ್ಲ. ಈಗ ಒಂಬತ್ತು ತಿಂಗಳು. ತಟ್ಟೆ ಬಿದ್ದರೆ ಒಮ್ಮೊಮ್ಮೆ ತಿರುಗ್ತಾನೆ, ಹೆಸರು ಕರೆದರೆ ತಿರುಗಲ್ಲ. ಅತ್ತೆ "ಗಂಡುಮಕ್ಕಳು ನಿಧಾನ" ಅಂತಾರೆ. ಕಾಮಾಲೆಗೂ ಮೆದುಳುಕಾಂಡಕ್ಕೂ ಏನಾದ್ರೂ ಇದೆಯಾ?

ಕಿವಿಮಾತು_ಅಕ್ಕ
ಇದೆ ಪುಟ್ಟಿ. ಇನ್ನು ಕಾಯಬೇಡಿ, ಈ ವಾರವೇ ತೋರಿಸಿ.

ಬಿಲಿರುಬಿನ್ (ಕಾಮಾಲೆಯಲ್ಲಿ ರಕ್ತದಲ್ಲಿ ಹೆಚ್ಚಾಗೋ ಹಳದಿ ವಸ್ತು) ತುಂಬಾ ಏರಿದರೆ ಅದು ಮೊದಲು ಕೆಡಿಸೋ ಜಾಗಗಳಲ್ಲಿ ಮೆದುಳುಕಾಂಡದ ಶ್ರವಣ ಕೇಂದ್ರಗಳೂ ಸೇರಿವೆ. ಅಂಥ ಮಕ್ಕಳಲ್ಲಿ ಕಾಕ್ಲಿಯಾ ಚೆನ್ನಾಗಿರಬಹುದು, ಆದ್ದರಿಂದ ಕಾಕ್ಲಿಯಾವನ್ನಷ್ಟೇ ನೋಡೋ ಓಎಇ ಅನ್ನೋ ಸುಲಭದ ಪರೀಕ್ಷೆ ಪಾಸ್ ಆಗಿಬಿಡುತ್ತೆ. ಸುದ್ದಿ ನರ ದಾಟಿ ಮೆದುಳುಕಾಂಡದಲ್ಲಿ ಹೇಗೆ ಸಾಗ್ತಿದೆ ಅನ್ನೋದು ಬೇರಾದಲ್ಲೇ ಗೊತ್ತಾಗೋದು. ಅದಕ್ಕೆ ಕಾಮಾಲೆ ಹೆಚ್ಚಾಗಿದ್ದ ಮಗುವಿಗೆ ಬೇರಾವನ್ನೇ ಕೇಳಿ ಮಾಡಿಸಿ. ಮಗು ಮಲಗಿರುವಾಗ ಹಣೆಗೆ, ಕಿವಿ ಹಿಂದೆ ಮೂರ್ನಾಲ್ಕು ಎಲೆಕ್ಟ್ರೋಡ್ ಅಂಟಿಸಿ ಕಿವಿಗೆ ಟಿಕ್ ಟಿಕ್ ಶಬ್ದ ಕೊಡ್ತಾರೆ. ನೋವಿಲ್ಲ. ಪರದೆ ಮೇಲೆ ಒಂದು, ಮೂರು, ಐದನೇ ಅಲೆಗಳು ಎಷ್ಟು ಮಿಲಿಸೆಕೆಂಡಿಗೆ ಬಂತು ಅಂತ ನೋಡ್ತಾರೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ ಕರ್ಕೊಂಡು ಹೋಗಿ, ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತೆ. ಡಿಸ್ಚಾರ್ಜ್ ಚೀಟಿ, ಬಿಲಿರುಬಿನ್ ರಿಪೋರ್ಟ್ ಮರೀಬೇಡಿ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮೂರಲ್ಲೇ ಇದೆ, 1965ರಿಂದ. ದೇಶದ ಎಲ್ಲೆಲ್ಲಿಂದಲೋ ಬರ್ತಾರೆ, ಪಾಂಡವಪುರದಿಂದ ನಿಮಗೆಷ್ಟು ದೂರ? ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಮಾಡೋದು, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ನಾವು ಹಿಡಿಯೋ ಗುರಿ. ಒಂಬತ್ತು ತಿಂಗಳು ಅಂದ್ರೆ ಕೈಮೀರಿಲ್ಲ, ಆದರೆ ಇನ್ನೊಂದು ಹಬ್ಬ ಆಗಲಿ ಅಂತ ಮುಂದೂಡಬೇಡಿ.

ಗಂಗೋತ್ರಿ_ನರಜೀವಿ
ಪುಟ್ಟಿಗೆ ಧೈರ್ಯಕ್ಕೆ ಒಂದು ಮಾತು. ಹುಟ್ಟಾ ಕಿವುಡಾದ ಬಿಳಿ ಬೆಕ್ಕುಗಳಲ್ಲಿ ಕಿವಿಯ ನರ ಮೆದುಳುಕಾಂಡಕ್ಕೆ ಸೇರೋ ಕಡೆ ಸಿನಾಪ್ಸ್ ಆಕಾರವೇ ಕೆಟ್ಟಿರುತ್ತೆ. ಮರಿಯಿದ್ದಾಗಲೇ ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯ ನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡೋ ಸಾಧನ) ಹಾಕಿ ಕೆಲವು ತಿಂಗಳು ಶಬ್ದ ಕೊಟ್ಟರೆ ಆ ಸಿನಾಪ್ಸ್‌ಗಳು ಬಹುಮಟ್ಟಿಗೆ ಸರಿಯಾದ ಆಕಾರಕ್ಕೆ ಮರಳಿದವು. 2005ರ ಕೆಲಸ ಇದು. ನಿಮ್ಮ ಮಗನದ್ದು ಬೇರೆಯೇ ಕಾರಣ ಇರಬಹುದು, ಅಥವಾ ಏನೂ ಇಲ್ಲದೆಯೂ ಇರಬಹುದು. ಎಳೆಯ ಮೆದುಳುಕಾಂಡ ತಿದ್ದಿಕೊಳ್ಳೋಕೆ ತಯಾರಿರುತ್ತೆ ಅನ್ನೋದಷ್ಟೇ ನನ್ನ ಮಾತು.

ನಿವೃತ್ತ_ಜೀವಶಾಸ್ತ್ರ_ಮೇಷ್ಟ್ರು
ಜೊತೆಗೆ ಒಂದು ಕಹಿ ಮಾತು. ನಮ್ಮ ಮೈಸೂರು-ಮಂಡ್ಯ ಸೀಮೆಯಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ಪದ್ಧತಿ ಇನ್ನೂ ಇದೆ. ಜಿಜೆಬಿ2 ಎಂಬ ವಂಶವಾಹಿಯ ದೋಷ ತಾಯಿ, ತಂದೆ ಇಬ್ಬರಿಂದಲೂ ಬಂದರೆ ಮಗು ಹುಟ್ಟಾ ಕಿವುಡಾಗುತ್ತದೆ. ರಕ್ತಸಂಬಂಧದಲ್ಲಿ ಹಾಗಾಗುವ ಸಾಧ್ಯತೆ ಹೆಚ್ಚು. ಮನೆತನದಲ್ಲಿ ಯಾರಿಗಾದರೂ ಕಿವಿ ಕೇಳದಿದ್ದರೆ ಮದುವೆಗೆ ಮುಂಚೆಯೇ ಯೋಚಿಸಿ.

ಕೆಆರ್‌ಪೇಟೆ_ಗೌಡ್ರು
ಮೇಷ್ಟ್ರೇ, ನಮ್ಮನೇಲಿ ನಾಲ್ಕು ತಲೆಮಾರಿಂದ ಸೋದರಿಕೆಯಲ್ಲೇ ಆಗಿರೋದು, ಎಲ್ರಿಗೂ ಕಿವಿ ಚುರುಕಾಗೇ ಐತೆ. ಎಲ್ಲದಕ್ಕೂ ಅದ್ನೇ ದೂರ್ಬೇಡಿ.

ನಿವೃತ್ತ_ಜೀವಶಾಸ್ತ್ರ_ಮೇಷ್ಟ್ರು
ನಿಮ್ಮ ಮನೆತನದಲ್ಲಿ ಆ ದೋಷ ಇಲ್ಲದಿರಬಹುದು ಗೌಡರೇ, ಸಂತೋಷ. ಇರುವ ಮನೆತನಕ್ಕೆ ಎಷ್ಟೋ ಸಲ ಅದು ಮದುವೆಗೆ ಮುಂಚೆ ಗೊತ್ತಿರುವುದಿಲ್ಲ, ಕಷ್ಟ ಅಲ್ಲೇ ಇರುವುದು.

ಪಾಂಡವಪುರದ_ಪುಟ್ಟಿ
ನಮ್ಮದೂ ಸಂಬಂಧದಲ್ಲೇ. ಅದನ್ನೂ ಡಾಕ್ಟರಿಗೆ ಹೇಳಬೇಕಾ?

ಕಿವಿಮಾತು_ಅಕ್ಕ
ಮೊದಲನೇ ಸಾಲಿನಲ್ಲೇ ಹೇಳಿ.

ಸರಸ್ವತೀಪುರಂ_ಸೊಸೆ
ಇವತ್ತು ನಾದಿನಿಗೆ ಎಲ್ಲಾ ಓದಿ ಹೇಳಿದೆ. 19 ವಾರ, 27 ವಾರ ಅನ್ನೋದನ್ನ ಕ್ಯಾಲೆಂಡರ್ ಮೇಲೆ ಗುರುತು ಮಾಡಿಕೊಂಡಳು. ಅವಳದ್ದೇ ಒಂದು ಪ್ರಶ್ನೆ ಇದೆ. ಅವಳ ಗೆಳತಿಗೆ 28 ವಾರಕ್ಕೇ ಹೆರಿಗೆಯಾಗಿ ಮಗು ಈಗ ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಆ ಮಗುವಿಗೆ ಆಗಲೇ ಕೇಳಿಸುತ್ತೆ ಅಂತಾದ್ರೆ ಅಲ್ಲಿನ ಯಂತ್ರಗಳ ಬೀಪ್ ಬೀಪ್ ಏನೂ ಮಾಡಲ್ವಾ?

ಕಿವಿಮಾತು_ಅಕ್ಕ
ಮಾಡುತ್ತೆ. ಹೊಟ್ಟೆಯಲ್ಲಿದ್ದರೆ ತೀಕ್ಷ್ಣ ಶಬ್ದಗಳನ್ನೆಲ್ಲಾ ತಾಯಿಯ ಮೈ ಸೋಸಿಬಿಡ್ತಿತ್ತು, ಆ ಮಗುವಿಗೆ ಆ ಸೋಸುವಿಕೆ ಈಗ ಇಲ್ಲ. ಅದಕ್ಕೇ ಎನ್‌ಐಸಿಯುನಲ್ಲಿ ಶಬ್ದ 45 ಡೆಸಿಬೆಲ್ ದಾಟಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಇನ್‌ಕ್ಯುಬೇಟರ್ ಬಾಗಿಲು ಮೆತ್ತಗೆ ಮುಚ್ಚಬೇಕು, ಅದರ ಮೇಲೆ ಸ್ಟೀಲ್ ಟ್ರೇ ಇಡಬಾರದು, ಹತ್ತಿರ ನಿಂತು ಫೋನ್‌ನಲ್ಲಿ ಮಾತಾಡಬಾರದು. ಡಾಕ್ಟರ್ ಒಪ್ಪಿದರೆ ತಾಯಿ ಎದೆಗೊತ್ತಿ ಕಾಂಗರೂ ಆರೈಕೆ ಮಾಡ್ತಾ ಮೆಲ್ಲಗೆ ಮಾತಾಡಲಿ. ಡಿಸ್ಚಾರ್ಜ್‌ಗೆ ಮುಂಚೆ ಬೇರಾ ಕೇಳಿ, ಅಲ್ಲಿ ಸೌಲಭ್ಯ ಇಲ್ಲ ಅಂದ್ರೆ ಎಲ್ಲಿ ಮಾಡಿಸಬೇಕು ಅಂತ ಚೀಟಿಯಲ್ಲಿ ಬರೆಸಿಕೊಂಡೇ ಬರೋಕೆ ಹೇಳಿ.

ಮಳವಳ್ಳಿ_ಮಂಜು
ಕಾಂಗರೂ ಆರೈಕೆ ಅಪ್ಪನೂ ಮಾಡಬಹುದಾ?

ಕಿವಿಮಾತು_ಅಕ್ಕ
ಮಾಡಬಹುದು. ಮಾಡಿ.